ನರ್ಸಮ್ಮ ಹೇಳಿದ ಅರ್ಧ ಗಂಟೆ

ಮೊನ್ನೆ ಮೊಮ್ಮಗಳ ಬಟ್ಟೆಗೆ ಜಾಗ ಮಾಡೋಣವೆಂದು ಬೀರುವಿನ ಕೆಳಗಿನ ಖಾನೆ ತೆಗೆದೆ. ಹಳೇ ಸೀರೆಯೊಂದರ ಮಡಿಕೆಯಿಂದ ಒಳಲೆ ಜಾರಿ ಬಿತ್ತು. ಬೆಳ್ಳಿಯ ಒಳಲೆ. ಹಸುಗೂಸಿಗೆ ಹಾಲು ಹಾಕಲು ಮೂತಿ ಇರುವ ಪುಟ್ಟ ಬಟ್ಟಲು. ನನ್ನ ಚೊಚ್ಚಲ ಬಾಣಂತನಕ್ಕೆಂದು ಅಮ್ಮ ಹೊಳೆನರಸೀಪುರದಲ್ಲಿ ಕೊಂಡುಕೊಟ್ಟಿದ್ದು. ಪೂರ್ತಿ ಕಪ್ಪಾಗಿತ್ತು. ವಿಭೂತಿ ಹಾಕಿ ಉಜ್ಜುತ್ತಾ ಕೂತೆ. ಅದರ ಮೂತಿ ಒಂಚೂರು ಎಡಕ್ಕೆ ಸೊಟ್ಟಗಾಗಿದೆ. ಆಸ್ಪತ್ರೆಯಲ್ಲಿ, ಕುದಿಯುವ ನೀರಿನಿಂದ ಇಕ್ಕಳದಲ್ಲಿ ಎತ್ತುವಾಗ, ನರ್ಸಮ್ಮನ ಕೈಯಲ್ಲಿ ಆದದ್ದು ಅದು... ಬೆರಳು ಆ ಸೊಟ್ಟಕ್ಕೆ ತಾಗಿದ್ದೇ ತಡ, ಉಜ್ಜುವುದು ಮರೆತು ಹಾಗೇ ಕೂತುಬಿಟ್ಟೆ.

ಮಗಳು ಬಾಣಂತನಕ್ಕೆ ಹಾಸನದ ನಮ್ಮ ಮನೆಯಲ್ಲೇ ಇದ್ದಾಳೆ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡವಳು ನನ್ನನ್ನು ನೋಡಿ ನಕ್ಕಳು. "ಇದ್ರಲ್ಲೇ ಅಲ್ವಾಮ್ಮ, ಆ ನರ್ಸ್ ಮಾತು ಕೇಳ್ಕೊಂಡು ನನ್ನ ಮೇಲೆ ಕಳಿಸಕ್ಕೆ ಹೊರಟಿದ್ದು ನೀವೆಲ್ಲ?"

ನಮ್ಮ ಮನೆಯಲ್ಲಿ ಇದೊಂದು ಹಳೇ ಕತೆ. ನೆಂಟರು ಸೇರಿದಾಗ, ಯಾರದೋ ಮಗುವಿಗೆ ಜ್ವರ ಬಂದಾಗ, ಸರ್ಕಾರಿ ಆಸ್ಪತ್ರೆಯ ಮಾತೆದ್ದಾಗ, ಈ ಕತೆ ತಾನಾಗಿ ಎದ್ದು ಬರುತ್ತದೆ. ಹಿಂದೆ ಒಬ್ಬಳು ನರ್ಸಮ್ಮ ಇದ್ದಳಂತೆ, ಪೋಲಿಯೋ ಹನಿ ಹಾಕಿ ಸಂಜೆವರೆಗೆ ಹಾಲು ಕೊಡಬೇಡಿ ಅಂದಳಂತೆ, ಮಗು ಸತ್ತು ಬದುಕಿತಂತೆ. ಎಲ್ಲರೂ ಅಯ್ಯಯ್ಯೋ ಅನ್ನುತ್ತಾರೆ. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತೇನೆ.

ಆ ಕತೆ ಸುಳ್ಳು. ಸುಳ್ಳೆಂದು ಗೊತ್ತಿದ್ದವಳು ನಿನ್ನೆಯವರೆಗೆ ಈ ಭೂಮಿಯ ಮೇಲೆ ನಾನೊಬ್ಬಳೇ.

ನರ್ಸಮ್ಮನಿಗೆ ಹೆಸರಿರಲಿಲ್ಲವೇ? ಇತ್ತು. ನಾವ್ಯಾರೂ ಹೆಸರು ಹಿಡಿದು ಕರೆಯಲಿಲ್ಲ, ಅಷ್ಟೇ. ಆಗ ನಾನು ದಂಡಿಗನಹಳ್ಳಿ ಕಡೆಯ ಒಂದು ಊರಿನಲ್ಲಿ ಹೊಸ ಸೊಸೆ. ತಿಂಗಳಿಗೊಂದು ದಿನ ಅವರು ಚನ್ನರಾಯಪಟ್ಟಣದ ಬಸ್ಸಿನಲ್ಲಿ ಬಂದು, ಕ್ರಾಸಿನಲ್ಲಿ ಇಳಿದು, ಲಸಿಕೆಯ ನೀಲಿ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಊರಿಗೆ ಬರುತ್ತಿದ್ದರು. ಕುಳ್ಳಗೆ, ದಪ್ಪಗೆ, ನಡಿಗೆ ಮಾತ್ರ ಬಿರುಸು. ಬಾಯಿಯೂ ಬಿರುಸು. ಬರುತ್ತಾ ಬರುತ್ತಾ ಬೀದಿಯ ಎರಡೂ ಕಡೆಯವರನ್ನು ಮಾತಾಡಿಸಿಕೊಂಡು, ಒಬ್ಬಳ ಹೊಟ್ಟೆ ನೋಡಿ ಒಂದು ಮಾತು, ಇನ್ನೊಬ್ಬಳ ಅತ್ತೆಗೆ ಒಂದು ಗುದ್ದು. ಶಾಲೆಯ ಜಗುಲಿಯಲ್ಲಿ ಡಬ್ಬಿ ಇಟ್ಟು, ಒಂದು ಲೋಟ ಮಜ್ಜಿಗೆ ಕುಡಿದ ಮೇಲೇ ಕೆಲಸ.

ಅವರಿಗೊಂದು ಹುಚ್ಚಿತ್ತು. ಹೊಸದಾಗಿ ಹೆತ್ತ ಹೆಂಗಸು ಎದುರಿಗೆ ಬಂದರೆ ಸಾಕು, ಮೊದಲ ಪ್ರಶ್ನೆ, "ನೀನು ಯಾವ್ ನೀರು ಕುಡ್ದು ಬೆಳ್ದೋಳವ್ವ?" ನನ್ನನ್ನೂ ಕೇಳಿದ್ದರು. ಹೊಳೆ ನೀರು, ನಮ್ಮದು ಹೇಮಾವತಿ ದಡ ಅಂದೆ. ಚಿಕ್ಕವಳಿದ್ದಾಗ ವಾಂತಿಭೇದಿ ಆಗಿತ್ತಾ ಅಂದರು. ಎಷ್ಟು ಸಲ ಅಂತ ಲೆಕ್ಕ ಇಟ್ಟವರು ಯಾರು ಅಂದೆ. ತಲೆಯಾಡಿಸಿ ಹೂಂ ಅಂದರು, ಏನೋ ಒಂದು ಗಂಟು ಬಿಡಿಸಿದವರ ಹಾಗೆ. ಬಾಣಂತಿಯ ಹುಟ್ಟೂರಿನ ನೀರು ಕಟ್ಟಿಕೊಂಡು ಈಯಮ್ಮನಿಗೇನಾಗಬೇಕು ಎಂದು ನಾವು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದೆವು.

ಆಗೆಲ್ಲ ಹನಿ ಹಾಕಿದ ಮೇಲೆ ಅರ್ಧ ಗಂಟೆ ಎದೆಹಾಲು ಕೊಡಬಾರದೆಂದು ಹೇಳುತ್ತಿದ್ದರು. ಅವರಿಗೆ ಹಾಗೆ ಕಲಿಸಿದ್ದರಂತೆ. ತಾಯಿಯ ಹಾಲು ಜೋರಿನದು, ಬಾಯಿಯಲ್ಲಿ ಹಾಕಿದ ಹನಿ ಹೊಟ್ಟೆಯಲ್ಲಿ ಹತ್ತಿಕೊಳ್ಳಲು ಬಿಡುವುದಿಲ್ಲ ಎಂಬುದು ಲೆಕ್ಕ. ಹೇಳಿ ಸುಮ್ಮನೆ ಹೋಗುವವರಲ್ಲ ನರ್ಸಮ್ಮ. ಬಾಣಂತಿಯರನ್ನೆಲ್ಲ ಅದೇ ಜಗುಲಿಯಲ್ಲಿ ಕೂರಿಸಿಕೊಂಡು, ಅರ್ಧ ಗಂಟೆ ತಾವೇ ಕತೆ ಹೊಡೆದು, ಕೈಗಡಿಯಾರ ನೋಡಿ, "ಊಂ, ಕುಡುಸ್ರವ್ವ ಇನ್ನ" ಅನ್ನುವರು. ಒಟ್ಟಿಗೇ ಹತ್ತು ಕೂಸುಗಳ ಅಳು ನಿಲ್ಲುತ್ತಿತ್ತು. ಸದ್ದಡಗಿದ ಆ ಗಳಿಗೆ ನನಗೆ ಇವತ್ತಿಗೂ ನೆನಪಿದೆ.

ಮಗಳಿಗೆ ಮೂರನೇ ಸಲದ ಹನಿ. ಅವಳಿಗೆ ಆಗ ಮೂರೂವರೆ ತಿಂಗಳು. ಅವತ್ತು ಹನಿ ಹಾಕುತ್ತಿದ್ದಂತೆ ಪಕ್ಕದ ಊರಿನಿಂದ ಸೈಕಲ್ಲಿನಲ್ಲಿ ಒಬ್ಬ ಏದುಸಿರು ಬಿಡುತ್ತಾ ಬಂದ. ಯಾರಿಗೋ ನೋವು ಶುರುವಾಗಿ ಮಗು ಅಡ್ಡ ಬಂದಿದೆಯಂತೆ. ನರ್ಸಮ್ಮ ಡಬ್ಬಿ ಮುಚ್ಚಿಕೊಂಡು ಎದ್ದವರು, ಮೆಟ್ಟಿಲಿಳಿಯುತ್ತಾ ನನ್ನ ಕಡೆ ತಿರುಗಿ, "ಅರ್ಧ ಗಂಟೆ ಕಣವ್ವ, ಆಮ್ಯಾಕೆ ವಟ್ಟೆ ತುಂಬ ಕುಡ್ಸು" ಎಂದು ಕೂಗಿ ಹೇಳಿ ಹೋದರು. ನನಗೆ ಕೇಳಿಸಿತು. ನನ್ನ ಪಕ್ಕ ನಿಂತಿದ್ದ ಅತ್ತೆಗೂ ಕೇಳಿಸಿತು.

ಅತ್ತೆ ಕೆಟ್ಟವರಲ್ಲ. ಹಾಗೆಂದರೆ ನನ್ನ ನಾಲಿಗೆ ಸೇದಿಹೋಗಲಿ. ಆದರೆ ಅವರಿಗೆ ಮದ್ದೆಂದರೆ ಪಥ್ಯ. ಪಥ್ಯವಿಲ್ಲದ ಮದ್ದು ಮದ್ದೇ ಅಲ್ಲ. ನಮ್ಮ ಕಡೆ ಎಳೇ ಕೂಸಿಗೆ ನಾಟಿ ಮದ್ದು ತೇಯ್ದು ನೆಕ್ಕಿಸಿದರೆ ಪಥ್ಯ ಹಿಡಿಯುವವಳು ತಾಯಿ. ಉಪ್ಪು, ಹುಳಿ, ಖಾರ ಎಲ್ಲ ಬಿಟ್ಟು ಅವಳು ಒಣಗಬೇಕು, ಆಗ ಮಗುವಿಗೆ ಮದ್ದು ಹತ್ತುತ್ತದೆ. ಮನೆಗೆ ಬರುತ್ತಲೇ ಅತ್ತೆ ತಮ್ಮ ತೀರ್ಮಾನ ಹೇಳಿದರು.

"ನಾಟಿ ಮದ್ದಿಗೇ ಒಂದಿನ ಪಥ್ಯ ಅಯ್ತೆ. ಇದು ಸರ್ಕಾರದ ಮದ್ದು, ಇದ್ಕೆ ಅರ್ಧ ಗಂಟೆ ಎತ್ತಾಗ್ ಸಾಕಾದದು? ಒತ್ತು ಮುಳುಗೋಗಂಟ ಆಲು ಬ್ಯಾಡ ಕಣಮ್ಮಿ. ನೀನೂ ಬರೀ ಗಂಜಿ ಕುಡಿ."

ನಾನು ಬೇಡವೆನ್ನಬಹುದಿತ್ತು. ಇಪ್ಪತ್ತು ತುಂಬದ ಹುಡುಗಿ, ಅತ್ತೆಗೆ ಹೆದರಿದೆ ಎಂದು ಹೇಳಿದರೆ ನೀವೆಲ್ಲ ಒಪ್ಪುತ್ತೀರಿ. ಅದು ಅರ್ಧ ನಿಜ. ಉಳಿದರ್ಧ ಬೇರೆ. ನನ್ನ ಚಿಕ್ಕಪ್ಪನ ಮಗನಿಗೆ ಪೋಲಿಯೋ ಆಗಿ ಒಂದು ಕಾಲು ಕಡ್ಡಿಯಾಗಿತ್ತು. ಕೈಯನ್ನು ಮಂಡಿಗೆ ಊರಿ ಊರಿ ಅವನು ಹೊಳೆಗೆ ಇಳಿಯುವುದನ್ನು ನೋಡುತ್ತಲೇ ನಾನು ಬೆಳೆದವಳು. ನನ್ನ ಮಗಳಿಗೆ ಹನಿ ಹತ್ತಲಿ, ಗಟ್ಟಿಯಾಗಿ ಹತ್ತಲಿ ಎಂಬ ಆಸೆ. ಅರ್ಧ ಗಂಟೆಗೆ ಒಂದು ಪಾಲು ಹತ್ತುವುದಾದರೆ ಇಡೀ ದಿನಕ್ಕೆ ಎಷ್ಟು ಹತ್ತಬೇಡ! ನನ್ನ ಬುದ್ಧಿಗೆ ಬೆಂಕಿ ಬೀಳ.

ಮಗು ಅತ್ತಾಗಲೆಲ್ಲ ಅತ್ತೆ ಈ ಒಳಲೆಯಲ್ಲಿ ಸಕ್ಕರೆ ನೀರು ಹಾಕಿದರು. ಕಾಯಿಸಿದ ನೀರಲ್ಲ, ಗುಡಾಣದ ನೀರು. ನನ್ನ ಎದೆ ಕಲ್ಲಾಗಿ, ಕುಪ್ಪಸ ಒದ್ದೆಯಾಗಿ, ಸೆರಗು ಒದ್ದೆಯಾಗಿ, ಹಿತ್ತಲಿನ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಹೊತ್ತು ಮುಳುಗಿದ ಮೇಲೆ ಎತ್ತಿಕೊಂಡರೆ ಮಗು ಸೋತು ನಿದ್ದೆ ಹೋಗಿತ್ತು.

ಎರಡು ದಿನ ಕಳೆದು ಭೇದಿ ಶುರುವಾಯಿತು. ಒಂದು ಹಗಲಲ್ಲಿ ಮಗು ಅರ್ಧವಾಯಿತು. ನೆತ್ತಿ ಗುಳಿ ಬಿತ್ತು, ಅತ್ತರೆ ಕಣ್ಣಲ್ಲಿ ನೀರಿಲ್ಲ. ನಮ್ಮ ಮನೆಯವರು ಯಾರದೋ ಮೊಪೆಡ್ ಕೇಳಿ ತಂದು, ನಾನು ಹಿಂದೆ ಕೂತು ಮಗುವನ್ನು ಸೆರಗಲ್ಲಿ ಸುತ್ತಿಕೊಂಡು, ಚನ್ನರಾಯಪಟ್ಟಣದ ಆಸ್ಪತ್ರೆ ಸೇರಿದೆವು. ಅತ್ತೆ ಮುಂದಿನ ಬಸ್ಸಿಗೆ ಬಂದರು. ಕೈಯಲ್ಲಿ ಬಟ್ಟೆ ಗಂಟು, ಅದರೊಳಗೆ ಈ ಒಳಲೆ.

ಡಾಕ್ಟರು ಅಷ್ಟು ಸಣ್ಣ ಕೈಯಲ್ಲಿ ನರ ಹುಡುಕಿ ಡ್ರಿಪ್ ಹಾಕಿದರು. ಆಮೇಲೆ ವಿಚಾರಣೆ. ಹಾಲು ಯಾವಾಗ ನಿಲ್ಲಿಸಿದಿರಿ, ಏನು ಕುಡಿಸಿದಿರಿ, ಯಾರು ಹೇಳಿದ್ದು. ಅಷ್ಟರಲ್ಲಿ ಸುದ್ದಿ ತಿಳಿದು ನರ್ಸಮ್ಮ ಓಡಿ ಬಂದು ಬಾಗಿಲ ಬಳಿ ನಿಂತಿದ್ದರು. ಅತ್ತೆ ಅವರತ್ತ ಕೈ ತೋರಿಸಿದರು.

"ಈಯಮ್ಮನೇ ಯೋಳಿದ್ದು ಸಾ, ಒತ್ತು ಮುಳುಗೋಗಂಟ ಆಲು ಕೊಡ್ಬ್ಯಾಡಿ ಅಂತ."

ಡಾಕ್ಟರು ನನ್ನ ಕಡೆ ತಿರುಗಿದರು. ಹೌದೇನಮ್ಮ ಅಂದರು. ಅತ್ತೆ ನನ್ನನ್ನು ನೋಡುತ್ತಿದ್ದರು. ಬಾಗಿಲಲ್ಲಿದ್ದ ನರ್ಸಮ್ಮನೂ ನೋಡುತ್ತಿದ್ದರು. ನಾನು ತಲೆಯಾಡಿಸಿದೆ... ಹೌದೆಂದು.

ಈಗ ಅವರು ಬಾಯಿ ಬಿಡುತ್ತಾರೆ, ಊರಿಗೆಲ್ಲ ಕೇಳುವ ಆ ಗಂಟಲಲ್ಲಿ ಇಲ್ಲ ಎನ್ನುತ್ತಾರೆ ಎಂದು ಕಾದೆ. ಅವರು ಏನೂ ಅನ್ನಲಿಲ್ಲ. ಡಾಕ್ಟರು ಎಲ್ಲರ ಮುಂದೆ ಬಯ್ದರು. ಇಷ್ಟು ವರ್ಷ ಕೆಲಸ ಮಾಡಿ ಇದೇನಾ ಕಲಿತದ್ದು ಅಂದರು. ನರ್ಸಮ್ಮ ತಲೆ ತಗ್ಗಿಸಿ ನಿಂತಿದ್ದು, ಆಮೇಲೆ ನೇರ ಒಳಗೆ ಬಂದು, ಗಂಟಿನಿಂದ ಒಳಲೆ ತೆಗೆದು, ನೀರಿಗೆ ಹಾಕಿ ಕುದಿಸಿದರು. ಇಕ್ಕಳವನ್ನು ಬಿಗಿಯಾಗಿ ಅಮುಕಿ ಎತ್ತಿದರು. ಮೂತಿ ಸೊಟ್ಟಗಾಯಿತು.

ಮಗುವಿಗೆ ಚೀಪುವ ಶಕ್ತಿ ಇರಲಿಲ್ಲ. ನರ್ಸಮ್ಮ ನನ್ನ ಬೆನ್ನ ಹಿಂದೆ ಕೂತು, ಬೆನ್ನು ನೀವಿ, ಹಾಲು ಹಿಂಡುವುದನ್ನು ಹೇಳಿಕೊಟ್ಟರು. ಆ ಹಾಲನ್ನೇ ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ಮಗುವಿನ ಕೆನ್ನೆಯೊಳಗೆ ಬಿಟ್ಟರು. ಒಂದು ತೊಟ್ಟು, ಕಾಯುವುದು. ಇನ್ನೊಂದು ತೊಟ್ಟು, ಕಾಯುವುದು. ಮೂರು ದಿನ, ತಮ್ಮ ಊರು ಸುತ್ತುವ ಕೆಲಸ ಮುಗಿಸಿಕೊಂಡು ಸಾಯಂಕಾಲದ ಬಸ್ಸಿಗೆ ಬಂದು ಹೀಗೇ ಕೂತರು. ಮೂರನೇ ದಿನ ಮಗು ತಾನೇ ಬಾಯಿ ಹಾಕಿತು. ನರ್ಸಮ್ಮ ಎದ್ದು ಹೊರಗೆ ಹೋದರು. ಕಿಟಕಿಯಿಂದ ನೋಡಿದೆ. ಬೇವಿನ ಮರದ ಕೆಳಗೆ ನಿಂತು ಸೆರಗಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

ಆಸ್ಪತ್ರೆಯ ಮಂಚಗಳ ಮಧ್ಯೆ ಅಷ್ಟರಲ್ಲಿ ಹೊಸ ಮಾತು ಹುಟ್ಟಿತ್ತು. ಇವಳ ಹಾಲೇ ಸರಿಯಿಲ್ಲ, ಅದಕ್ಕೇ ಹನಿ ಹತ್ತಿಲ್ಲ, ಮಗು ಹೀಗಾಗಿದೆ ಎಂದು. ನಾನು ನರ್ಸಮ್ಮನ ಕೈ ಹಿಡಿದುಕೊಂಡು ನನ್ನ ಹಾಲು ಕೆಟ್ಟದ್ದಾ ಎಂದು ಕೇಳಿದೆ. ಅವರ ಉತ್ತರ ಇವತ್ತಿಗೂ ಅವರದೇ ದನಿಯಲ್ಲಿ ಕೇಳುತ್ತದೆ.

"ಥೂ, ಯಾವಳವ್ವ ಅಂಗಂದೋಳು? ಕೆಟ್ಟದ್ದಲ್ಲ ಕಣವ್ವ, ಜೋರಿನ ಆಲು. ಮನೆ ಕಾಯೋ ನಾಯಿ ಕಳ್ಳುಂಗೂ ಬೊಗುಳ್ತದೆ, ನೆಂಟುಂಗೂ ಬೊಗುಳ್ತದೆ. ಅಂಗಂತ ನಾಯಿ ಬುಟ್ಟು ಓಡುಸ್ತಾರಾ? ನೆಂಟ ನಾಕ್ ಸತಿ ಬಂದ್ರೆ ಅದೇ ಗುರುತಿಡಿತದೆ."

ಅದಕ್ಕೇ ಹನಿಯನ್ನು ಒಂದೇ ಸಲಕ್ಕೆ ಬಿಡದೆ ಮತ್ತೆ ಮತ್ತೆ ಹಾಕುವುದು ಅಂದರು. ಪೋಲಿಯೋ ಬೇರೆ, ಈ ಭೇದಿ ಬೇರೆ, ಇದು ಗುಡಾಣದ ನೀರಿನ ಕೆಲಸ ಎಂದೂ ಹೇಳಿದರು. ಆಮೇಲೆ ತಮ್ಮ ನೀರಿನ ಹುಚ್ಚಿನ ಗುಟ್ಟು ಬಿಚ್ಚಿದರು. ತಾಯಿ ಬೆಳೆದ ನೀರು, ಅವಳು ಬಿದ್ದೆದ್ದ ಕಾಯಿಲೆಗಳು, ಎಲ್ಲದರ ನೆನಪೂ ಅವಳ ಹಾಲಿನಲ್ಲಿ ಇರುತ್ತದೆ ಎಂದು ಅವರಿಗೊಂದು ಅನುಮಾನ. ಹೊಳೆ ನೀರಿನವಳ ಹಾಲು ಒಂದು ಬಗೆ, ಬಾವಿ ನೀರಿನವಳದ್ದು ಒಂದು ಬಗೆ. ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಸುಮ್ಮನೆ ನನ್ನ ತಲೆಹರಟೆ ಎಂದು ನಕ್ಕರು. ಆ ನಗುವಿನ ಹಿಂದೆಯೇ, ಗೊತ್ತಿದ್ದೂ ಸುಳ್ಳಿಗೆ ತಲೆಯಾಡಿಸಿದೆ, ತಪ್ಪಾಯಿತು ಎಂದುಬಿಡಬೇಕಿತ್ತು ನಾನು.

ನಾವು ಊರಿಗೆ ಬಂದ ಮುಂದಿನ ವಾರ ನರ್ಸಮ್ಮ ಬಂದರು. ಲಸಿಕೆಯ ದಿನವಲ್ಲ, ಡಬ್ಬಿಯೂ ಇಲ್ಲ. ಹನಿ ಹಾಕಿದ ಮೇಲೆ ಅರ್ಧ ಗಂಟೆಯೂ ಹಾಲು ನಿಲ್ಲಿಸಬೇಕಿಲ್ಲ ಎಂದು ಡಾಕ್ಟರು ಈಗ ಬಿಡಿಸಿ ಹೇಳಿದ್ದರಂತೆ. ನಿಲ್ಲಿಸಿದರೆ ಲಾಭವಿಲ್ಲ, ನಷ್ಟವೇ. ಅದನ್ನು ಮುಂದಿನ ತಿಂಗಳು ಜಗುಲಿಯಲ್ಲಿ ಹೇಳಿದ್ದರೆ ಸಾಕಿತ್ತು. ಅವರು ಹಾಗೆ ಮಾಡಲಿಲ್ಲ. ಕೂಸಿರುವ ಒಂದೊಂದು ಮನೆಯ ಬಾಗಿಲಿಗೂ ಹೋಗಿ, "ನಾನ್ ಯೋಳಿದ್ದು ತಪ್ಪಾಗೋಯ್ತು ಕಣ್ರವ್ವ, ಹನಿ ಬಿದ್ ಗಳಿಗೇಲೇ ಕುಡುಸ್ರಿ" ಎಂದರು. ನಮ್ಮ ಊರೊಂದೇ ಅಲ್ಲ, ಅವರ ಪಾಲಿಗೆ ಬಂದ ಊರುಗಳೆಲ್ಲ. ಬಿಸಿಲಲ್ಲಿ, ನಡೆದು. ಆಡಿದ ಮಾತನ್ನು ಹೀಗೆ ಮನೆ ಮನೆ ತಿರುಗಿ ವಾಪಸ್ಸು ತೆಗೆದುಕೊಂಡವರನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಊರು ಸುಮ್ಮನಿದ್ದೀತೇ? ಅವತ್ತೊಂದು ಇವತ್ತೊಂದು ಹೇಳುವ ನರ್ಸಮ್ಮ ಎಂದು ಆಡಿಕೊಂಡಿತು.

ನಮ್ಮ ಮನೆಗೂ ಬಂದರು. ಅತ್ತೆಗೂ ಅದೇ ಮಾತು, ತಪ್ಪಾಗೋಯ್ತು ಎಂದು. ಅತ್ತೆ ದೊಡ್ಡ ಮನಸ್ಸು ಮಾಡಿದವರ ಹಾಗೆ ಆಗಲಿ ಬಿಡಮ್ಮ ಅಂದರು. ನಾನು ಮಜ್ಜಿಗೆ ಲೋಟ ಹಿಡಿದು ನಿಂತಿದ್ದೆ. ಹೊರಡುವಾಗ ನರ್ಸಮ್ಮನ ಜೊತೆ ಬೇಲಿಯವರೆಗೆ ಹೋದೆ. ಯಾಕಮ್ಮ ನೀವು ಅವತ್ತು ಸುಮ್ಮನಿದ್ದಿರಿ ಎಂದು ಕೇಳುವಷ್ಟು ಧೈರ್ಯ ಮಾತ್ರ ಬಂತು.

"ನೀನು ಆ ಮನೇಲಿ ಬಾಳ್ಬೇಕಲ್ಲವ್ವ" ಅಂದರು. ಮಗುವಿನ ಕಾಲು ಮುಟ್ಟಿ, ಬಸ್ಸಿಗೆ ಹೊತ್ತಾಯಿತೆಂದು ಹೋದರು.

ಮಳೆಗಾಲಕ್ಕೆ ಮುಂಚೆ ಅವರಿಗೆ ಅರಕಲಗೂಡು ಕಡೆಗೆ ವರ್ಗವಾಯಿತು. ನಮ್ಮ ಗಲಾಟೆಯಿಂದಲೇ ಆಯಿತೆಂದು ಕೆಲವರು, ಅವರ ಊರು ಅತ್ತ ಕಡೆಯೇ, ಅವರೇ ಕೇಳಿ ಹಾಕಿಸಿಕೊಂಡರು ಎಂದು ಕೆಲವರು. ನನಗೆ ಯಾವುದು ನಿಜವೆಂದು ಗೊತ್ತಿಲ್ಲ. ಎರಡನೆಯದಾಗಿರಲಿ ಎಂದು ಎಷ್ಟೋ ಸಲ ಬೇಡಿಕೊಂಡಿದ್ದೇನೆ.

ಮಗಳು ಶಾಲೆಗೆ ಸೇರುವ ಹೊತ್ತಿಗೆ ನಾವು ಹಾಸನಕ್ಕೆ ಬಂದೆವು. ಬಸ್‌ಸ್ಟ್ಯಾಂಡಿಗೆ ಹೋದಾಗಲೆಲ್ಲ ಅರಕಲಗೂಡಿನ ಬೋರ್ಡು ಕಣ್ಣಿಗೆ ಬೀಳುತ್ತಿತ್ತು. ಒಂದು ಗಂಟೆಯ ದಾರಿ, ಅಷ್ಟೇ. ಮಗಳ ಪರೀಕ್ಷೆ ಮುಗಿಯಲಿ, ಅತ್ತೆಯ ಕಾಲುನೋವು ವಾಸಿಯಾಗಲಿ, ಗೌರಿಹಬ್ಬ ಕಳೆಯಲಿ... ನೆಪಕ್ಕೇನು ಬರಗಾಲವೇ. ಅತ್ತೆ ತೀರಿಕೊಂಡ ಮೇಲೆ ಆ ನೆಪವೂ ಹೋಯಿತು, ಆದರೂ ಹೋಗಲಿಲ್ಲ. ಹೋದದ್ದು ಕಳೆದ ವರ್ಷ, ಮಗಳು ಬಸುರಿಯೆಂದು ಗೊತ್ತಾದ ವಾರ. ಒಂದು ಸೀರೆ, ಹಣ್ಣು, ಹೂವು ಹಿಡಿದು, ಕೇಳಿಕೊಂಡು ಕೇಳಿಕೊಂಡು ಅವರ ಮನೆ ಹುಡುಕಿದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಕುಕ್ಕೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪಕ್ಕದ ಮನೆಯ ಹೆಂಗಸು ತಲೆಯೆತ್ತಿ ನೋಡಿದಳು. ಯಾರು ಬೇಕಿತ್ತು ಎಂದಳು. ಹೇಳಿದೆ. ನರ್ಸಮ್ಮ ತೀರಿಹೋಗಿ ನಾಲ್ಕು ವರ್ಷವಾಯಿತು ಎಂದಳು. ನೀವು ಅವರಿಗೇನಾಗಬೇಕು ಎಂದು ಕೇಳಿದಳು. ಏನೆಂದು ಹೇಳಲಿ? ಅವರ ಕೈಯಲ್ಲಿ ಮಗು ಉಳಿಸಿಕೊಂಡವಳು ಅಂದೆ. ಅದಕ್ಕವಳು ನಕ್ಕು, ನಾನೂ ಹಾಗೇ ಅಂದಳು. ಹೆತ್ತು ಮಲಗಿದ್ದರೂ ಬಿಡದೆ, ಯಾವ ನೀರು ಕುಡಿದು ಬೆಳೆದೆ ಎಂದು ಕೇಳಿದ್ದರಂತೆ ಅವಳನ್ನು. ಹಣ್ಣು ಹೂವನ್ನು ಅವಳ ಮಡಿಲಿಗೆ ಹಾಕಿ ಬಂದೆ. ಸೀರೆ ಹಾಗೇ ಇದೆ. ಒಳಲೆ ಸುತ್ತಿಟ್ಟಿದ್ದ ಸೀರೆಯ ಕೆಳಗೆ.

ನಿನ್ನೆ ಮೊಮ್ಮಗಳಿಗೆ ಮೊದಲ ಹನಿ. ಒಂದೂವರೆ ತಿಂಗಳ ಕೂಸು. ಈಗ ಪೋಲಿಯೋ ಜೊತೆಗೆ ಭೇದಿಗೂ ಒಂದು ಹನಿ ಬಂದಿದೆ. ಬಾಯಿಯಲ್ಲೇ ಹಾಕುತ್ತಾರೆ. ಅದನ್ನು ಕೇಳಿದಾಗ ನರ್ಸಮ್ಮ ಇದ್ದಿದ್ದರೆ ಅಂದುಕೊಂಡೆ. ಚಿಕ್ಕ ವಯಸ್ಸಿನ ನರ್ಸ್ ಹನಿ ಹಾಕಿ, ಹಾಲು ಕೊಡಬೇಕಿದ್ದರೆ ಈಗಲೇ ಕೊಡಿ ಎಂದಳು. ನನಗೆ ತಡೆಯಲಾಗಲಿಲ್ಲ. ತಾಯಿಯ ಹಾಲು ಹನಿಗೆ ಅಡ್ಡ ಬರುವುದಿಲ್ಲವೇ ಎಂದು ಅಲ್ಲಿದ್ದ ಡಾಕ್ಟರನ್ನು ಕೇಳಿಯೇಬಿಟ್ಟೆ. ಅವಳೂ ಹುಡುಗಿಯೇ. ಸಿಡುಕದೆ ಹೇಳಿದಳು.

"ಎಲ್ಲಾ ತಾಯಂದಿರ ಹಾಲೂ ಒಂದೇ ಥರ ಅಲ್ಲ ಆಂಟಿ. ಅಮ್ಮನಿಗೆ ಹಿಂದೆ ಯಾವ ಸೋಂಕು ಬಂದು ಹೋಗಿದೆ, ಎಂಥ ಕಡೆ ಬೆಳೆದಿದ್ದಾರೆ, ಹುಟ್ಟಿನಿಂದ ಅವರ ಮೈಗುಣ ಏನು, ಎಲ್ಲಾ ಸೇರಿ ಹಾಲಿನ ಶಕ್ತಿ ಬೇರೆ ಬೇರೆ ಇರುತ್ತೆ. ಕೆಲವು ಮಕ್ಕಳಿಗೆ ಹನಿ ನಿಧಾನಕ್ಕೆ ಹತ್ತಬಹುದು. ಅದಕ್ಕೇ ಮತ್ತೆ ಮತ್ತೆ ಹಾಕೋದು. ಹಾಲು ನಿಲ್ಲಿಸಿದರೆ ಏನೂ ಸಿಗಲ್ಲ, ಮಗುಗೇ ತೊಂದರೆ."

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ಹೊಳೆ ನೀರು, ಬಾವಿ ನೀರು... ಅಯ್ಯೋ ನನ್ನವ್ವ, ನಿನ್ನದು ತಲೆಹರಟೆಯಲ್ಲ ಕಣೇ ಎಂದು ಯಾರಿಗೆ ಹೋಗಿ ಹೇಳಲಿ.

ಪಕ್ಕದಲ್ಲಿ ಮಗಳು ಸೆರಗು ಮುಚ್ಚಿಕೊಂಡು ಕೂಸಿಗೆ ಹಾಲು ಕೊಡುತ್ತಿದ್ದಳು. ಅಳು ನಿಂತಿತ್ತು. "ನೋಡಮ್ಮ, ಎಷ್ಟು ಸಲೀಸು" ಅಂದಳು. "ನಿಮ್ಮ ನರ್ಸ್‌ಗೆ ಇಷ್ಟೂ ಗೊತ್ತಿರಲಿಲ್ಲವಲ್ಲ, ಸಂಜೆ ತನಕ ಉಪವಾಸ ಹಾಕಿಸಿದ್ಲು."

"ಅವರು ಅರ್ಧ ಗಂಟೆ ಅಂದಿದ್ದರು ಕಣೇ" ಅಂದೆ. "ನನ್ನ ಕಿವಿಯಾರೆ ಕೇಳಿದ್ದೆ."

ಅಲ್ಲಿಂದ ಮುಂದೆ ನಿಲ್ಲಿಸಲಾಗಲಿಲ್ಲ. ಪಥ್ಯ, ಗುಡಾಣದ ನೀರು, ಡಾಕ್ಟರ ಮುಂದೆ ನಾನು ಆಡಿಸಿದ ತಲೆ, ಬೇಲಿಯ ಹತ್ತಿರ ಅವರು ಅಂದ ಮಾತು, ಎಲ್ಲ ಹೇಳಿದೆ. ಮಗಳು ನನ್ನ ಮುಖ ನೋಡಲಿಲ್ಲ. ಕೂಸನ್ನು ಇನ್ನೊಂದು ಪಕ್ಕಕ್ಕೆ ಹಾಕಿಕೊಂಡಳು. ಆಮೇಲೆ ಒಂದೇ ಒಂದು ಕೇಳಿದಳು, ತಪ್ಪಾಯಿತೆಂದು ಅವರಿಗೆ ಹೇಳಿದ್ಯಾ ಎಂದು.

ಇಲ್ಲವೆಂದೆ.

ಒಳಲೆಯನ್ನು ತೊಳೆದು ಒರೆಸಿ ದೇವರ ಗೂಡಿನಲ್ಲಿ ಇಟ್ಟಿದ್ದೇನೆ. ಮೂತಿ ನೆಟ್ಟಗೆ ಮಾಡಿಸೋಣ, ಗೊತ್ತಿರುವ ಬೆಳ್ಳಿ ಕೆಲಸದವರಿದ್ದಾರೆ ಎಂದರು ನಮ್ಮ ಮನೆಯವರು. ಬೇಡ ಅಂದೆ. ಅರ್ಧ ಗಂಟೆಯ ಮಾತಿಗೆ ಆ ತಾಯಿ ಎಷ್ಟು ಬಾಗಿಲಿಗೆ ಹೋಗಿ ತಪ್ಪಾಯಿತು ಅಂದರು. ನಾನು ಹೋಗಬೇಕಾಗಿದ್ದದ್ದು ಒಂದೇ ಬಾಗಿಲಿಗೆ. ಹೋಗುವಷ್ಟರಲ್ಲಿ ಅದಕ್ಕೆ ಬೀಗ ಬಿದ್ದಿತ್ತು.